ಕರಿಬಸವಯ್ಯನವರ ಒಪ್ಪಿಗೆಗೆ ನನ್ನ ಆಕ್ಷೇಪಣೆ

ಅಗ್ರಹಾರ, ಮೈಸೂರು
೨೦ ಆಗಸ್ಟ್ ೨೦೦೭, ಸೋಮವಾರ

ಹಾರ್ಮೋನಿಯಂ ಮೇಷ್ಟ್ರು ಶ್ರೀ ಕರಿಬಸವಯ್ಯನವರಿಗೆ,
ಚಾಮುಂಡಿಪುರಂ.

ಮಾನ್ಯರೇ,

ಶ್ರಾವಣ ಮಾಸದ ಶುಭಾಶಯಗಳೊಂದಿಗೆ, ತಮ್ಮ ಪಾದಗಳಿಗೂ, ತಾವು ತಮಗಿಂತ ಹೆಚ್ಚು ಜೋಪಾನ ಮಾಡುವ ತಮ್ಮ ಹಾರ್ಮೋನಿಯಂ ಪೆಟ್ಟಿಗೆಗೂ, ಈ ಎರಡನ್ನೂ ಐವತ್ತೈದು ವರ್ಷದಿಂದ ಸಹಿಸಿಕೊಂಡು ಬಂದಿರುವ ತಮ್ಮ ಧರ್ಮಪತ್ನಿ ಸಾಕಮ್ಮನವರಿಗೂ ಕ್ರಮವಾಗಿ ನಮಸ್ಕರಿಸಿ, ಅಗ್ರಹಾರದ ಕಾಫಿಪುಡಿ ಅಂಗಡಿಯ ಮಹಡಿಯ ಮೇಲೆ ಹದಿಮೂರು ವರ್ಷದಿಂದ ಪೋಸ್ಟರು, ಕರಪತ್ರ, ಆಹ್ವಾನ ಪತ್ರಿಕೆಗಳ ವಿನ್ಯಾಸ ಮಾಡಿಕೊಂಡಿರುವ ಅಂಬುಜಾ ಎಂಬ ನಾನು ತಮ್ಮ ಮೇಲೆ ಸಲ್ಲಿಸುತ್ತಿರುವ ದೂರು ಇದು.

ಕಳೆದ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ತಾವು ನನ್ನ ಅಂಗಡಿಗೆ ದಯಮಾಡಿಸಿ, ತಮ್ಮದೇ ಶ್ರದ್ಧಾಂಜಲಿಯ ಪೋಸ್ಟರಿನ ಹನ್ನೊಂದನೆಯ ಕರಡನ್ನು ಕೈಗೆತ್ತಿಕೊಂಡು, ಅರ್ಧ ನಿಮಿಷ ನೋಡಿ, ಒಂದೇ ಒಂದು ತಪ್ಪನ್ನೂ ತೋರಿಸದೆ, "ಚೆನ್ನಾಗೈತೆ ಕಣವ್ವ, ಅಚ್ಚಿಗ್ ಕೊಡೋವಾಗ ಇದ್ನೇ ಕೊಟ್ಬುಡು" ಎಂದು ಹೇಳಿ, ಮೂಲೆಯಲ್ಲಿ ಸಹಿ ಹಾಕಿ, ಮೆಟ್ಟಿಲಿಳಿದು ಹೊರಟುಹೋದಿರಿ. ಹತ್ತು ವರ್ಷ ಹತ್ತು ಕರಡುಗಳನ್ನು ಮುಖ ಸಿಂಡರಿಸಿ ವಾಪಸು ಮಾಡಿದ ಗ್ರಾಹಕರೊಬ್ಬರು ಹನ್ನೊಂದನೆಯ ವರ್ಷ ಏಕಾಏಕಿ ಹೀಗೆ ಒಪ್ಪಿಬಿಡುವುದು ಯಾವ ನ್ಯಾಯ ಎಂದು ನಾನು ಈ ಮೂಲಕ ಕೇಳುತ್ತಿದ್ದೇನೆ. ತಮ್ಮ ಒಪ್ಪಿಗೆಯನ್ನು ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ಇದನ್ನು ಬಹಿರಂಗವಾಗಿ ಏಕೆ ಬರೆಯಬೇಕಾಯಿತೆಂದರೆ, ತಮಗೆ ಖಾಸಗಿಯಾಗಿ ಬರೆದ ಯಾವ ಕಾಗದವೂ ಇಂದಿನವರೆಗೆ ಓದಿಸಿಕೊಂಡ ಇತಿಹಾಸವಿಲ್ಲ. ತಾವು ಅದನ್ನು ಮಗುಚಿ ಹಾಕಿ ಹಿಂಬದಿಯ ಖಾಲಿ ಜಾಗದಲ್ಲಿ ಸ್ವರ ಬರೆದುಕೊಳ್ಳುತ್ತೀರಿ. ಆದ್ದರಿಂದ ಇದರ ಪ್ರತಿಗಳನ್ನು ತಾವು ನಾಟಕದ ಹಾಡು ಕಲಿಸುವ ಸಂಜೆಗೆಂಪು ಕಲಾ ಬಳಗದ ನೋಟೀಸ್ ಬೋರ್ಡಿಗೂ, ತಮ್ಮ ಮನೆಯೆದುರಿನ ಹಾಲಿನ ಬೂತಿಗೂ ಅಂಟಿಸಲಾಗುವುದು. ಹಾಲು ತರಲು ಹೋದ ಯಾರಾದರೂ ಗಟ್ಟಿಯಾಗಿ ಓದಿಯೇ ಓದುತ್ತಾರೆ, ತಾವು ಜಗಲಿಯ ಮೇಲೆ ಕೂತಲ್ಲೇ ಕೇಳಿಸಿಕೊಳ್ಳಬಹುದು.

ಈ ಪ್ರಕರಣ ತಿಳಿಯದ ಸಾರ್ವಜನಿಕರ ಅನುಕೂಲಕ್ಕಾಗಿ ಹಿಂದಿನದನ್ನು ಸ್ವಲ್ಪ ಹೇಳಬೇಕು. ಕಿರೀಟ ಇಟ್ಟುಕೊಂಡು ಪೌರಾಣಿಕ ನಾಟಕದಲ್ಲಿ ನಿಲ್ಲುವ ಮೈಸೂರಿನ ಅರ್ಧ ಜನ ಕಾರ್ಖಾನೆ ಕೆಲಸಗಾರರಿಗೆ ಹಾಡು ಹೇಳಿಕೊಟ್ಟವರು ತಾವು. ಹೆಬ್ಬಾಳದ ಕಾರ್ಖಾನೆಗಳಲ್ಲಿ ಶಿಫ್ಟು ಮುಗಿಸಿ ಬಂದವರನ್ನು ಸಾಲಾಗಿ ಕೂರಿಸಿ, ಪೆಟ್ಟಿಗೆಯ ತಿದಿ ಒತ್ತುತ್ತಾ, ಶ್ರುತಿ ಎಂದರೇನೆಂದು ತಿಳಿಯದ ಕಂಠಗಳಿಂದಲೂ ರಾಜಪಾರ್ಟಿನ ಹಾಡು ಹೊರಡಿಸಿದವರು. ೧೯೯೬ರಲ್ಲಿ ತಮಗೆ ಎಪ್ಪತ್ತು ತುಂಬಿದಾಗ ಬಳಗದವರು ಸನ್ಮಾನ ಇಟ್ಟುಕೊಂಡರು, ಅದರ ಪೋಸ್ಟರನ್ನು ನನಗೆ ವಹಿಸಿದರು. ಚಿತ್ರಕಲೆಯ ಕಾಲೇಜು ಮುಗಿಸಿ ಮೂರು ವರ್ಷವಾಗಿತ್ತು. ನನಗೆ ಆಗ ಎಲ್ಲವೂ ಗೊತ್ತಿತ್ತು.

ಆ ಕಾಲದ ನಮ್ಮೂರ ಪೋಸ್ಟರುಗಳನ್ನು ನೆನಪಿಸಿಕೊಳ್ಳಿ. ಗುಲಾಬಿ ಕಾಗದ, ಅದರ ಮೇಲೆ ಹಸಿರು ಮಸಿ, ಎಡಕ್ಕೊಂದು ವೀಣೆ, ಬಲಕ್ಕೊಂದು ಗೆಜ್ಜೆ ಕಾಲು, ನಡುವೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಉಪಸ್ಥಿತರು, ಇವರೆಲ್ಲ ತುಂಬಿದ ಮೇಲೆ ಜಾಗ ಉಳಿದರೆ ಕಲಾವಿದರು. ಇದನ್ನೆಲ್ಲ ಗುಡಿಸಿ ಹಾಕಬೇಕೆಂದು ನಾನು ಪಣ ತೊಟ್ಟಿದ್ದೆ. ತಮ್ಮ ಕಪ್ಪು ಬಿಳುಪಿನ ಒಂದು ಫೋಟೋ ಆರಿಸಿದೆ. ನುಡಿಸುತ್ತಾ ತಲ್ಲೀನರಾಗಿ ತಾವು ಕಣ್ಣು ಮುಚ್ಚಿದ್ದಿರಿ. ಸುತ್ತ ಒಂದು ದಪ್ಪನೆಯ ಕಪ್ಪು ಚೌಕಟ್ಟು ಕೊಟ್ಟೆ. ಕೆಳಗೆ ಒಂದೇ ಒಂದು ಹಣತೆ. ಅದರ ಕೆಳಗೆ ತಮ್ಮ ಹೆಸರು, ಎಪ್ಪತ್ತು ವರ್ಷದ ಬಾಳನ್ನು ಸೂಚಿಸಲು ೧೯೨೬–೧೯೯೬, ಮತ್ತು 'ಒಂದು ಸಾರ್ಥಕ ಪಯಣ' ಎಂಬ ಸಾಲು. ಸನ್ಮಾನ, ಸ್ಥಳ, ಸಮಯ ಇತ್ಯಾದಿಗಳನ್ನು ಅಂದವಾಗಿ, ಇರುವೆ ಸಾಲಿನಷ್ಟು ಸಣ್ಣದಾಗಿ, ತೀರ ತಳದಲ್ಲಿ ಇಟ್ಟೆ.

ಕರಡನ್ನು ನೋಡಿದ ನಮ್ಮ ತಾಯಿ, "ಅಯ್ಯೋ, ಯಾರೇ ಹೋಗಿದ್ದು?" ಎಂದು ಕೇಳಿದರು. ಅವರಿಗೆ ಆಧುನಿಕ ವಿನ್ಯಾಸದ ಪರಿಚಯವಿಲ್ಲವೆಂದು ನಾನು ನಕ್ಕೆ. ಪೋಸ್ಟರು ಅಂಟಿಸುವ ಪುಟ್ಟಮಾದಯ್ಯ ಪ್ರತಿ ಗೋಡೆಯ ಮುಂದೆಯೂ ಚಪ್ಪಲಿ ಬಿಟ್ಟು ಅಂಟಿಸುತ್ತಿದ್ದುದನ್ನು ಕಂಡು, ಕೊನೆಗೂ ಈ ಊರಿನಲ್ಲಿ ಕಲೆಯ ಬಗ್ಗೆ ಗೌರವ ಹುಟ್ಟಿತಲ್ಲ ಎಂದು ಸಂತೋಷಪಟ್ಟೆ. ಸೋಮವಾರ ಸಂಜೆಯೊಳಗೆ ಅಗ್ರಹಾರದಿಂದ ಹೆಬ್ಬಾಳದವರೆಗೆ, ಇತ್ತ ಕಡಕೊಳದವರೆಗೆ ತಾವು ಕಣ್ಣು ಮುಚ್ಚಿಕೊಂಡು ಎಲ್ಲ ಗೋಡೆಗಳ ಮೇಲೂ ನೆಲೆಸಿದಿರಿ.

ಮಂಗಳವಾರ ಬೆಳಿಗ್ಗೆ ಮೊದಲ ಶಿಫ್ಟಿಗೆ ಬಂದಿಳಿದ ತಮ್ಮ ಶಿಷ್ಯರು ಬಸ್ ಸ್ಟಾಪಿನಲ್ಲಿ ತಮ್ಮನ್ನು ನೋಡಿದರು. ಕಾರ್ಖಾನೆಯ ಗೇಟಿನ ಮುಂದೆ ಒಂದು ನಿಮಿಷ ಮೌನ ಆಚರಿಸಿದರು. ಮಹಾಂತೇಶ್ ಎಂಬವರು, ಹಿಂದಿನ ವರ್ಷವಷ್ಟೇ ತಮ್ಮಿಂದ ಬೈಸಿಕೊಂಡು ರಾಜಪಾರ್ಟು ಕಲಿತವರು, ತಮ್ಮ ಬಗ್ಗೆ ಕಾಲು ಗಂಟೆ ಮಾತನಾಡಿ ಮ್ಯಾನೇಜರರ ಕಣ್ಣಲ್ಲೂ ನೀರು ತರಿಸಿ ಅರ್ಧ ದಿನ ರಜೆ ಮಂಜೂರು ಮಾಡಿಸಿದರು. ನಲವತ್ತು ಜನ ಟೆಂಪೋ ಹತ್ತಿ, ದೇವರಾಜ ಮಾರ್ಕೆಟ್ಟಿನಲ್ಲಿ ಹಾರ ಕೊಂಡು, ಚಾಮುಂಡಿಪುರಕ್ಕೆ ಬಂದು ಬಾಗಿಲು ತಟ್ಟಿದರೆ, ಹಣೆಗೆ ವಿಭೂತಿ ಹಚ್ಚಿಕೊಂಡು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಬಾಗಿಲು ತೆಗೆದವರು ತಾವೇ. ಮುಂದೆ ನಿಂತಿದ್ದ ಇಬ್ಬರು ಓಡಿಹೋದರು. ಮಹಾಂತೇಶ್ ಮಾತ್ರ ಹಾರ ಹಿಡಿದುಕೊಂಡು ಅಲ್ಲೇ ನಿಂತು, "ಇದನ್ನ ವಾಪಸ್ ತಗೊಂಡೋಗೋದು ಎಂಗೆ ಮೇಷ್ಟ್ರೇ" ಎಂದರಂತೆ. ತಾವು ಕತ್ತು ಮುಂದೆ ಚಾಚಿ, "ತಂದಿದ್ದೀರಲ್ಲ, ಹಾಕ್ಬುಡಿ" ಎಂದಿರಂತೆ. ಹಾಕಿಸಿಕೊಂಡ ಮೇಲೆ ಅವರೆಲ್ಲ ತಮ್ಮ ಕೈ ಹಿಡಿದು, ಒಂದು ತಿಂಗಳು ದಯವಿಟ್ಟು ಹೆಬ್ಬಾಳದ ಕಡೆ ಬರಬೇಡಿ, ರಜೆ ಕೊಟ್ಟ ಮ್ಯಾನೇಜರು ನೋಡಿಬಿಟ್ಟರೆ ಕಷ್ಟ ಎಂದು ಬೇಡಿಕೊಂಡದ್ದೂ ನನ್ನ ಕಿವಿಗೆ ಬಿದ್ದಿದೆ.

ಮಧ್ಯಾಹ್ನದ ಹೊತ್ತಿಗೆ ಕಡಕೊಳದಿಂದ ಪ್ರಭುಸ್ವಾಮಿಯವರು ಬಂದರು. ಅವರೂ ಹಾರ್ಮೋನಿಯಂ ಮೇಷ್ಟ್ರು; ಯಾವುದೋ ನಾಟಕದಲ್ಲಿ ಶ್ರುತಿ ಏರಿಸಿದ್ದು ಯಾರು ಎಂಬ ವಿಷಯಕ್ಕೆ ತಮಗೂ ಅವರಿಗೂ ಹದಿನೆಂಟು ವರ್ಷದಿಂದ ಮಾತಿರಲಿಲ್ಲ. ಅವರು ಗೇಟಿನಲ್ಲೇ ಕುಸಿದು ಕೂತು, "ತಪ್ಪು ನಂದೇ ಕರಿಬಸವಯ್ಯ, ಹೇಳೋದ್ರೊಳಗೆ ಹೊಂಟೋದ್ಯಲ್ಲಪ್ಪ" ಎಂದು ಗೋಳೋ ಎಂದು ಅಳುತ್ತಿರುವಾಗ ತಾವು ಒಳಗಿನಿಂದ ಎದ್ದು ಬಂದು, "ಇನ್ನೊಂದ್ಸಲ ಜೋರಾಗ್ ಹೇಳು ಪ್ರಭು, ಸಾಕೂಗೂ ಕೇಳ್ಲಿ" ಎಂದಿರಿ. ಪ್ರಭುಸ್ವಾಮಿಯವರು ಆಗಲೇ ಅಳಲು ಶುರು ಮಾಡಿಬಿಟ್ಟಿದ್ದರಿಂದ, ನಡುವೆ ನಿಲ್ಲಿಸಲಾಗದೆ, ತಮ್ಮ ಹೆಗಲ ಮೇಲೆ ತಲೆಯಿಟ್ಟು ಉಳಿದದ್ದನ್ನೂ ಅತ್ತು ಮುಗಿಸಿದರು.

ಎಲ್ಲರೂ ತಮ್ಮನ್ನು ಹೊಗಳುತ್ತಿದ್ದ ಆ ಹೊತ್ತಿನಲ್ಲಿ ನನಗೆ ಏನಾಯಿತೆಂಬುದನ್ನೂ ದಾಖಲಿಸಬೇಕು. ಸಾಕಮ್ಮನವರು ಗೋಡೆಯಿಂದ ಕಿತ್ತ ಪೋಸ್ಟರನ್ನು ಸುರುಳಿ ಸುತ್ತಿಕೊಂಡು ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಾ ಒಂದೇ ಮಾತು ಕೇಳಿದರು: "ನನ್ನ ಕುಂಕುಮದ್ ಮೇಲೆ ನಿಂಗೇನ್ ಸಿಟ್ಟಿತ್ತವ್ವ?" ಖಾಲಿ ಜಾಗದ ಸೌಂದರ್ಯ, ಕಪ್ಪಿನ ಘನತೆ ಇತ್ಯಾದಿಗಳ ಬಗ್ಗೆ ನನ್ನ ಬಳಿ ಇದ್ದ ವಿವರಣೆಗಳನ್ನೆಲ್ಲ ಪಕ್ಕಕ್ಕಿಟ್ಟೆ. ನಾನು ಅವರ ಕಾಲು ಹಿಡಿದೆ. ಅವರು ನನ್ನನ್ನು ಎಬ್ಬಿಸಿ, ನೀರು ಕೇಳಿ ಕುಡಿದು, ಫೋಟೋವನ್ನು ಇನ್ನೊಮ್ಮೆ ನೋಡಿ, "ಚೆಂದಾಗ್ ಕಾಣ್ತವ್ರೆ ಬುಡು" ಎಂದು ಹೇಳಿ ಪೋಸ್ಟರನ್ನು ತಮ್ಮ ಜೊತೆಯಲ್ಲೇ ತೆಗೆದುಕೊಂಡು ಹೋದರು.

ಆ ಭಾನುವಾರದ ಸನ್ಮಾನಕ್ಕೆ ಬಳಗದ ಸಭಾಂಗಣ ಕಿಕ್ಕಿರಿದಿತ್ತು. ಅದಕ್ಕೆ ಮೊದಲು ಬಳಗದ ಯಾವ ಕಾರ್ಯಕ್ರಮಕ್ಕೂ ಮೂವತ್ತು ಜನ ದಾಟಿದ್ದಿಲ್ಲ, ಅದರಲ್ಲಿ ಹನ್ನೊಂದು ಮಂದಿ ವೇದಿಕೆಯ ಮೇಲೆಯೇ ಇರುತ್ತಿದ್ದರು. ಅಂದು ಕಿಟಕಿಯಲ್ಲೂ ಜನ. ಕೆಲವರು ತಾವು ಹೋಗಿದ್ದೀರೆಂದು ಬಂದವರು, ಕೆಲವರು ಹೋಗಿಲ್ಲವೆಂಬುದನ್ನು ಕಣ್ಣಾರೆ ನೋಡಲು ಬಂದವರು. ತಾವು ಮೈಕಿನ ಮುಂದೆ ನಿಂತು, "ಮನುಷ್ಯ ಹೋದ್ಮೇಲೆ ಹೇಳೋ ಮಾತೆಲ್ಲ ಇದ್ದಂಗೇ ಕೇಳುಸ್ಕಂಡೆ, ಇಂಥಾ ಸನ್ಮಾನ ಯಾವ ಶಾಲು ಹೊದ್ಸುದ್ರೂ ಬರಾಕಿಲ್ಲ" ಎಂದು ನನ್ನ ಹೆಸರು ಹಿಡಿದು ಕರೆದಿರಿ. ಚಪ್ಪಾಳೆ ಬಿತ್ತು. ನನ್ನ ವೃತ್ತಿಜೀವನ ಹಾಳಾದದ್ದು ಆ ಚಪ್ಪಾಳೆಯಿಂದ.

ಏಕೆಂದರೆ ಬಳಗದ ಗೌರವ ಕಾರ್ಯದರ್ಶಿಗಳಾದ ಶ್ರೀ ಮಹದೇವಪ್ರಸಾದ್ ಅವರು ಆ ಜನಸಂದಣಿಯ ಕಾರಣವನ್ನು ತಮ್ಮದೇ ರೀತಿಯಲ್ಲಿ ವಿಶ್ಲೇಷಿಸಿ, ಎಲ್ಲವೂ ಕಪ್ಪು ಅಂಚಿನ ಮಹಿಮೆ ಎಂಬ ತೀರ್ಮಾನಕ್ಕೆ ಬಂದರು. ಮಕ್ಕಳ ಭರತನಾಟ್ಯಕ್ಕೂ, ರಾಜ್ಯೋತ್ಸವಕ್ಕೂ, "ಅದೇ ಅಂಚು ಹಾಕ್ಬಿಡಿ ಮೇಡಂ, ಜನ ಓಡೋಡಿ ಬರ್ತಾರೆ" ಎಂದು ದುಂಬಾಲು ಬಿದ್ದರು. ಉಚಿತ ನೇತ್ರ ತಪಾಸಣೆಯ ಕರಪತ್ರಕ್ಕೆ ಒಮ್ಮೆ ಹಾಕಿಸಿಯೂ ಹಾಕಿಸಿದರು. ಆ ಡಾಕ್ಟರ ಬಳಿ ಒಬ್ಬರೂ ಸುಳಿಯಲಿಲ್ಲ. ಊರಿನವರಾದರೋ, ಸಾವಿನ ಕಾಗದಗಳಿಗೆ ಈ ಹೆಣ್ಣುಮಗಳದೇ ಕೈ ಎಂದು ನಿಶ್ಚಯಿಸಿಬಿಟ್ಟರು. ಶಿವಗಣಾರಾಧನೆಯ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು ಎಲ್ಲವೂ ನನ್ನಲ್ಲಿಗೇ ಬರತೊಡಗಿದವು. ರಂಗಭೂಮಿಗೆ ಹೊಸ ಮುಖ ಕೊಡುತ್ತೇನೆಂದು ಹೊರಟವಳು ನಾನು. ನನಗೆ ಒದಗಿದ ಹೊಸ ಮುಖಗಳೆಲ್ಲ ಹಳೆಯ ಮುಖಗಳು, ಅವೂ ಯಾವುದೋ ಮದುವೆಯ ಗುಂಪಿನ ಫೋಟೋದಿಂದ ಕತ್ತರಿಸಿ ತೆಗೆಯಬೇಕಾದವು. ದಟ್ಟಗಳ್ಳಿಯ ಹೊಸ ಬಡಾವಣೆಯಲ್ಲಿ ಗೃಹಪ್ರವೇಶಕ್ಕೆ ಕರೆಯಲು ಬಂದ ಒಬ್ಬರು ಕಾರ್ಡನ್ನು ಬೇರೆಡೆ ಮಾಡಿಸಿದ್ದೇವೆ, ತಪ್ಪು ತಿಳಿಯಬೇಡಿ ಎಂದು ಸಂಕೋಚದಿಂದ ಹೇಳಿದ್ದೂ ಉಂಟು.

ಇಷ್ಟನ್ನೂ ನಾನು ಸಹಿಸಿಕೊಂಡಿದ್ದೆ. ಆದರೆ ಮರುವರ್ಷ ಶ್ರಾವಣದ ಮೊದಲ ಗುರುವಾರ ಕೊಡೆ ಹಿಡಿದು ಅಂಗಡಿಗೆ ಬಂದ ತಾವು ಸ್ಟೂಲ್ ಎಳೆದುಕೊಂಡು ಕೂತು ಹೇಳಿದ ಮಾತನ್ನು ಯಾವ ವಿನ್ಯಾಸಕಾರರೂ ಯಾವ ಗ್ರಾಹಕರಿಂದಲೂ ಕೇಳಿರಲಾರರು. "ಒಂದ್ಸಲ ತಪ್ಪಾಗ್ ಆಯ್ತು, ಇನ್ನೊಂದ್ಸಲನಾದ್ರೂ ಸರಿಯಾಗ್ ಆಗ್ಬೇಕಲ್ಲವ್ವ. ನಾನಿದ್ದಂಗೇ ನೋಡಿ ಮಡಗ್ಬುಡ್ತೀನಿ. ಆಮೇಲೆ ಆ ಮಹದೇವಪ್ರಸಾದನ ಕೈಗ್ ಸಿಕ್ರೆ ನನ್ ಫೋಟೋಗಿಂತ ಅವನ್ದೇ ದೊಡ್ಡದಾಗಿರ್ತದೆ." ಹೀಗೆ, ಬದುಕಿರುವ ಗ್ರಾಹಕರಿಗೆ ಅವರದೇ ಶ್ರದ್ಧಾಂಜಲಿಯ ಪೋಸ್ಟರು ಮಾಡಿಕೊಡುವ, ಕರ್ನಾಟಕದಲ್ಲಿ ಪ್ರಾಯಶಃ ಏಕೈಕವಾದ, ಗೌರವ ನನ್ನ ಪಾಲಿಗೆ ಬಂತು.

ತಾವು ಎಂಥ ಗ್ರಾಹಕರೆಂದು ಹೊಗಳಲು ನನ್ನ ಬಳಿ ಪದಗಳಿಲ್ಲ. 'ಕಲಾಲೋಕಕ್ಕೆ ತುಂಬಲಾರದ ನಷ್ಟ' ಎಂದು ಹಾಕಿದ್ದನ್ನು, "ನಷ್ಟ ಗಿಷ್ಟ ಬ್ಯಾಡ, ನಾನೇನ್ ಅಂಗಡಿ ಮಡಗಿದ್ನಾ?" ಎಂದು ಹೊಡೆದುಹಾಕಿಸಿದಿರಿ. 'ಅಗಲಿದ ಚೇತನ' ಎಂಬುದನ್ನು ಕಂಡು, ಅಗಲಿದ್ದೀನಿ ಎಂದು ನಾನೇ ಒಪ್ಪಿಕೊಂಡಂತೆ ಆಗುತ್ತದೆ, ಬೇರೇನಾದರೂ ಹುಡುಕು ಎಂದಿರಿ. ೨೦೦೪ರಲ್ಲಿ ಊರಿಗೆಲ್ಲ ಫ್ಲೆಕ್ಸ್ ಬಂದಾಗ, ಹೋದವರೆಲ್ಲ ನೀಲಿ ಆಕಾಶದ ಬಿಳಿ ಮೋಡಗಳ ನಡುವಿನಿಂದ ಇಣುಕುವುದು ರೂಢಿಯಾಯಿತು, ನಾನೂ ತಮ್ಮನ್ನು ಮೋಡದಲ್ಲಿ ಕೂರಿಸಿದೆ. "ಮೋಡ ತಗಿ ಕಣವ್ವ, ಮೊದ್ಲೇ ನಂಗೆ ಶೀತದ್ ಮೈ" ಎಂದಿರಿ. ಕೆಳಗಡೆ 'ಲಿಂಗೈಕ್ಯರಾದ ದಿನಾಂಕ' ಎಂದು ಬರೆದು ಮುಂದೆ ಬಿಟ್ಟಿದ್ದ ಖಾಲಿ ಜಾಗವನ್ನು ಮಾತ್ರ ಪ್ರತಿ ವರ್ಷವೂ ಮೆಚ್ಚಿ, ಇನ್ನೊಂಚೂರು ಅಗಲ ಬಿಡು ಎನ್ನುತ್ತಿದ್ದಿರಿ. ಒಂದು ಅಂಗುಲ ಬಿಳಿ ಜಾಗ ಕಂಡರೆ ಇನ್ನೊಬ್ಬ ಉಪಾಧ್ಯಕ್ಷರನ್ನು ತಂದು ತುರುಕುವ ಈ ಊರಿನಲ್ಲಿ, ಖಾಲಿ ಜಾಗ ಬೇಕೆಂದು ಕೇಳಿದ ಏಕೈಕ ಗ್ರಾಹಕರು ತಾವೇ ಎಂಬುದನ್ನು ನಾನು ಕೃತಜ್ಞತೆಯಿಂದ ಸ್ಮರಿಸುತ್ತೇನೆ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ. ಸಮಿತಿಯವರಿಗೆ ಕರಡು ತೋರಿಸುವಾಗ ಬೇಕೆಂದೇ ಒಂದು ತಪ್ಪನ್ನು ಬಿಟ್ಟಿರುತ್ತೇವೆ, ಕಾರ್ಯದರ್ಶಿಗಳ ಹೆಸರನ್ನು ಒಂದು ಗೆರೆ ಕೆಳಗೆ ಇಳಿಸಿಯೋ, ಮುಖ್ಯ ಅತಿಥಿಗಳಿಗೆ 'ಡಾ.' ಬಿಟ್ಟೋ. ತಪ್ಪು ಸಿಗದಿದ್ದರೆ ಸಮಿತಿಯವರಿಗೆ ತಾವು ಬಂದದ್ದು ವ್ಯರ್ಥವಾಯಿತೆನಿಸಿ, ಚೆನ್ನಾಗಿರುವ ಯಾವುದಕ್ಕಾದರೂ ಕೈ ಹಾಕಿಬಿಡುತ್ತಾರೆ. ಮಗುವಿನ ಕೆನ್ನೆಗೆ ಇಡುವ ದೃಷ್ಟಿಬೊಟ್ಟಿನಂತೆ ಇದು. ಅವರು ಆ ತಪ್ಪನ್ನು ಹಿಡಿದು, ಗಂಭೀರವಾಗಿ ತಿದ್ದಿಸಿ, ಕಾಫಿ ಕುಡಿದು ತೃಪ್ತಿಯಿಂದ ಹೋಗುತ್ತಾರೆ.

ತಮ್ಮ ಕರಡಿನಲ್ಲೂ ನಾನು ಪ್ರತಿ ವರ್ಷ ಒಂದು ತಪ್ಪು ಬಿಡುತ್ತಿದ್ದೆ. ಆದರೆ ಕಾರಣ ಬೇರೆ. ತಪ್ಪು ಸಿಕ್ಕರೆ ತಾವು ಸಹಿ ಹಾಕುವುದಿಲ್ಲ, ಸಹಿ ಹಾಕದಿದ್ದರೆ ಅದು ಮುಗಿಯುವುದಿಲ್ಲ, ಮುಗಿಯದಿದ್ದರೆ ಮುಂದಿನ ಶ್ರಾವಣಕ್ಕೆ ತಾವು ಬರಲೇಬೇಕು. ಇಷ್ಟೇ ನನ್ನ ಲೆಕ್ಕ. ಒಂದು ವರ್ಷ ತಮ್ಮ ಹುಟ್ಟಿದ ಇಸವಿಯನ್ನು ಹತ್ತು ವರ್ಷ ಮುಂದೆ ತಳ್ಳಿದ್ದೆ. ತಾವು ಸ್ವಲ್ಪ ಹೊತ್ತು ಆಸೆಗಣ್ಣಿನಿಂದ ಅದನ್ನೇ ನೋಡುತ್ತಿದ್ದು, ಆಮೇಲೆ ನಿಟ್ಟುಸಿರಿಟ್ಟು ತಿದ್ದಿಸಿದಿರಿ. ೨೦೦೧ರಲ್ಲಿ ಪೆಟ್ಟಿಗೆಯ ಮೇಲೆ ಬೆರಳಿಂದ ಒತ್ತುವ ಕಪ್ಪು ಮನೆಗಳಲ್ಲಿ ಒಂದನ್ನು ಕಂಪ್ಯೂಟರಿನಲ್ಲಿ ಅಳಿಸಿಹಾಕಿದ್ದೆ. ಯಾರಿಗೂ ಸಿಗಲಾರದೆಂದು ನನಗೆ ಜಂಬವಿತ್ತು. ತಾವು ಕನ್ನಡಕ ಏರಿಸಿ, ಕಾಗದದ ಮೇಲೆಯೇ ಬೆರಳಾಡಿಸುತ್ತಾ, ಬಾಯಲ್ಲಿ ಮೆಲ್ಲಗೆ ಸ್ವರ ಹೇಳಿಕೊಳ್ಳುತ್ತಾ ಹೋಗಿ, ಆ ಜಾಗಕ್ಕೆ ಬಂದಾಗ ಬೆರಳು ನಿಲ್ಲಿಸಿ, "ಇಲ್ಲೊಂದ್ ಮನೆ ಮಾಯ ಆಗೈತಲ್ಲವ್ವ" ಎಂದಿರಿ. ನಾನು ಆ ದಿನ ಎಷ್ಟು ಖುಷಿಪಟ್ಟೆನೆಂದರೆ ತಮಗೆ ಎರಡು ಸಲ ಕಾಫಿ ತರಿಸಿದೆ.

ಈಗ ಕಳೆದ ಗುರುವಾರಕ್ಕೆ ಬರುತ್ತೇನೆ. ನನ್ನ ಅಂಗಡಿಗೆ ಹದಿನೇಳು ಮೆಟ್ಟಿಲು. ಹೋದ ವರ್ಷ ತಾವು ಒಂದು ಸಲ ನಿಂತು ಹತ್ತಿದ್ದಿರಿ, ಈ ವರ್ಷ ನಾಲ್ಕು ಸಲ ನಿಂತಿರಿ. ನಾನು ಒಳಗಿನಿಂದ ಎಣಿಸುತ್ತಿದ್ದೆ. ಬಂದು ಕೂತವರು ಕಾಫಿ ಬೇಡವೆಂದಿರಿ. ಕನ್ನಡಕ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಈ ಸಲ ನಾನು ತಮ್ಮ ಫೋಟೋವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುವಿ ಹಾಕಿದ್ದೆ. ಬಲಗೈ ಮನೆಗಳ ಮೇಲೆ, ಎಡಗೈ ತಿದಿಯ ಮೇಲೆ ಇರಬೇಕಾದದ್ದು ಅದಲು ಬದಲಾಗಿ, ತಾವು ಎಡಗೈಯಲ್ಲಿ ನುಡಿಸುತ್ತಿದ್ದಿರಿ. ಪೆಟ್ಟಿಗೆ ಮುಟ್ಟಿ ಗೊತ್ತಿಲ್ಲದವರಿಗೂ ಏನೋ ಸರಿಯಿಲ್ಲ ಎನಿಸುವಂಥ ತಪ್ಪು ಅದು. ಅರವತ್ತೈದು ವರ್ಷ ನುಡಿಸಿದ ತಾವು ಅದನ್ನು ನೋಡಿ ಚೆನ್ನಾಗಿದೆ ಎಂದಿರಿ, ಸಹಿ ಹಾಕಿದಿರಿ.

ನನಗೆ ಹೆದರಿಕೆಯಾಯಿತು, ಮೇಷ್ಟ್ರೇ. ದೂರಿನ ಪತ್ರದಲ್ಲಿ ಇಂಥ ಮಾತು ಬರೆಯಬಾರದೇನೋ, ಆದರೂ ಬರೆಯುತ್ತಿದ್ದೇನೆ.

೧೯೯೯ರಲ್ಲಿ ನನ್ನ ತಂದೆ ತೀರಿಕೊಂಡಾಗ, ಊರಿಗೆಲ್ಲ ಸಾವಿನ ಕಾರ್ಡು ಮಾಡಿಕೊಟ್ಟ ನನಗೆ ಅವರದೊಂದು ಕಾರ್ಡು ಮಾಡಲು ಕೈ ಏಳಲಿಲ್ಲ. ಹೆಸರು ಜೋಡಿಸುವುದು, ಅಳಿಸುವುದು, ಇದೇ ಆಗಿತ್ತು. ಆಗ ತಾವು ಬಂದು, ಅದೇ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲಿ ಕೂತು, ಮಕ್ಕಳಿಗೆ ಹಾಡು ಹೇಳಿಕೊಡುವವರ ಹಾಗೆ ಒಂದೊಂದೇ ಸಾಲು ಹೇಳಿದಿರಿ, ನಾನು ಒಂದೊಂದೇ ಸಾಲು ಜೋಡಿಸಿದೆ. ಫೋಟೋ ಆರಿಸಿದ್ದೂ ತಾವೇ. ಅವರು ಅರಮನೆ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗಿನ, ಪೇಟ ಕಟ್ಟಿದ ಫೋಟೋ ಬೇಡವೆಂದು, ತೋಟದ ನಲ್ಲಿಯ ಹತ್ತಿರ ಪಂಚೆ ಎತ್ತಿ ಕಟ್ಟಿಕೊಂಡು ನಗುತ್ತಿದ್ದದ್ದನ್ನು ಕೈಗೆತ್ತಿ, "ಇದು ಮಡಗು, ಇದ್ರಲ್ಲಿ ಅವ್ರೇ ಅವ್ರೆ" ಎಂದಿರಿ. ತಮ್ಮದನ್ನು ನಿಜವಾಗಿ ಅಚ್ಚಿಗೆ ಕೊಡಬೇಕಾದ ದಿನ ಆ ಸ್ಟೂಲಿನ ಮೇಲೆ ಕೂತು ನನಗೆ ಸಾಲು ಹೇಳಿಕೊಡುವವರು ಯಾರು ಎಂಬುದನ್ನು ತಾವು ಯೋಚಿಸಿದ್ದೀರಾ? ನಾನು ಎಂಟು ವರ್ಷದಿಂದ ಯೋಚಿಸುತ್ತಿದ್ದೇನೆ, ಉತ್ತರ ಸಿಕ್ಕಿಲ್ಲ.

ಆದ್ದರಿಂದ ಘನತೆವೆತ್ತ ತಮ್ಮಲ್ಲಿ ನನ್ನ ಕೋರಿಕೆಗಳು ಹೀಗಿವೆ. ತಾವು ಗುರುವಾರ ಕೊಟ್ಟ ಒಪ್ಪಿಗೆಯನ್ನು ಕೂಡಲೇ, ಲಿಖಿತವಾಗಿ, ಕನ್ನಡಕ ಹಾಕಿಕೊಂಡು ವಾಪಸು ಪಡೆಯಬೇಕು. ಕಣ್ಣಿನ ತೊಂದರೆಯೇ ಆಗಿದ್ದ ಪಕ್ಷದಲ್ಲಿ, ಅಂದು ಒಬ್ಬ ರೋಗಿಯೂ ಸಿಗದೆ ಮರಳಿದ ಆ ನೇತ್ರ ತ‌ಜ್ಞರು ತಮ್ಮನ್ನು ಎರಡು ಕೈಯಿಂದ ಬರಮಾಡಿಕೊಳ್ಳುವರೆಂದು ನಾನು ಖಾತರಿ ಕೊಡುತ್ತೇನೆ, ಅವರ ಬಳಿಗೆ ತಾವು ಬರಬೇಕು, ಆಟೋದಲ್ಲಿ ನಾನೇ ಕರೆದೊಯ್ಯುತ್ತೇನೆ. ತಾವು ಬಳಗದ ತಾಲೀಮಿಗೆ ಎರಡು ತಿಂಗಳಿಂದ ಹೋಗಿಲ್ಲವೆಂದು ಮಹದೇವಪ್ರಸಾದ್ ಹೇಳಿದರು, ಮತ್ತೆ ಹೋಗಬೇಕು. ತಾವಿಲ್ಲದೆ ಅಲ್ಲಿ ರಾಜಪಾರ್ಟಿನವರು ತಲೆಗೊಂದು ಶ್ರುತಿಯಲ್ಲಿ ಹಾಡುತ್ತಾ ಅಕ್ಕಪಕ್ಕದ ಮನೆಯವರ ನಿದ್ದೆ ಕೆಡಿಸಿದ್ದಾರೆ, ಆ ಪಾಪ ತಮಗೆ ತಟ್ಟುತ್ತದೆ. ಇನ್ನು, ಈ ಪೋಸ್ಟರು ಯಾವ ಸಂದರ್ಭಕ್ಕಾಗಿ ಸಿದ್ಧವಾಗುತ್ತಿದೆಯೋ ಆ ಸಂದರ್ಭವನ್ನು, ವಿನ್ಯಾಸ ತೃಪ್ತಿಕರವಾಗಿಲ್ಲದ ಕಾರಣ, ಅನಿರ್ದಿಷ್ಟ ಕಾಲ ಮುಂದೂಡಬೇಕೆಂದು, ತಮ್ಮ ಮಠದ ಗುರುಗಳ ಮೂಲಕವೋ ನೇರವಾಗಿಯೋ, ಮೇಲಿನವರಿಗೆ ತಾವೇ ತಿಳಿಸಬೇಕು. ನನ್ನ ಕಡೆಯಿಂದ ತಡವಾಯಿತೆಂದು ಹೇಳಿದರೂ ನನ್ನ ಅಭ್ಯಂತರವಿಲ್ಲ. ನಮ್ಮ ಕಸುಬಿನವರಿಗೆ ಆ ಮಾತು ಕೇಳಿ ಅಭ್ಯಾಸವಿದೆ.

ಇಷ್ಟಾದರೂ ತಾವು ಮನಸ್ಸು ಬದಲಿಸದಿದ್ದರೆ, ಸಹಿ ಬಿದ್ದ ಕರಡು ನನ್ನ ಮೇಜಿನ ಖಾನೆಯಲ್ಲಿದೆ, ಬೀಗದ ಕೈ ನನ್ನ ಸೊಂಟದಲ್ಲಿದೆ, ಅದನ್ನು ನಾನು ಯಾವ ಮುದ್ರಣಾಲಯಕ್ಕೂ ಕೊಡುವುದಿಲ್ಲ ಎಂದು ಸಾರ್ವಜನಿಕರ ಎದುರಿನಲ್ಲಿ ತಿಳಿಸುತ್ತಿದ್ದೇನೆ. ತಪ್ಪು ತುಂಬಿದ ಕೆಲಸವನ್ನು ಅಂಗಡಿಯಿಂದ ಹೊರಗೆ ಬಿಟ್ಟರೆ ನನ್ನ ಹೆಸರು ಕೆಡುತ್ತದೆ.

ತಮ್ಮ ಬೈಗುಳವನ್ನು ಎದುರು ನೋಡುತ್ತಿರುವ,
ತಮ್ಮ ವಿಶ್ವಾಸಿ,
ಅಂಬುಜಾ
(ಅಗ್ರಹಾರ, ಕಾಫಿಪುಡಿ ಅಂಗಡಿಯ ಮಹಡಿ)

ಮರೆತ ಮಾತು: ಇದನ್ನು ಪ್ರಿಂಟ್ ತೆಗೆಯುತ್ತಿರುವಾಗ ಸಾಕಮ್ಮನವರು ಫೋನ್ ಮಾಡಿದ್ದರು. ತಾವು ಗುರುವಾರ ಮನೆಗೆ ಹೋದವರೇ ಅವರ ಬಳಿ, "ಅಂಬುಜಿ ನನ್ನ ಎಡಚ ಮಾಡ್ಬುಟ್ಟವ್ಳೆ ಕಣೆ. ಕಂಡೂ ಸುಮ್ಕಿದ್ದೆ. ನನ್ನ ಬರುಸ್ಕೊಳ್ಳಾಕೆ ವರ್ಷಾವರ್ಷ ಪಾಪ ಆ ಹೆಣ್ಮಗ ಎಷ್ಟು ಅಂತ ತಪ್ಪು ಹುಡುಕ್ತದೆ, ಅದ್ಕೂ ಬಿಡುವಾಗ್ಲಿ" ಎಂದಿರಂತೆ. ಕಣ್ಣು ಸರಿಯಾಗಿದೆ ಎಂದು ತಿಳಿದು ಸಂತೋಷ. ಬಿಡುವು ಬೇಕೆಂದು ನಾನು ತಮ್ಮನ್ನು ಕೇಳಿರಲಿಲ್ಲ. ಮೆಟ್ಟಿಲು ಹತ್ತುವುದು ಕಷ್ಟವಾದರೆ ಇಷ್ಟು ದೊಡ್ಡ ನಾಟಕ ಆಡುವ ಬದಲು ಬಾಯಿಬಿಟ್ಟು ಹೇಳಬಹುದಿತ್ತು. ಹನ್ನೆರಡನೆಯ ಕರಡನ್ನು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಾನೇ ತಮ್ಮ ಮನೆಗೆ ತರುತ್ತೇನೆ. ಈ ಸಲ ಅದರಲ್ಲಿ ಎಷ್ಟು ತಪ್ಪುಗಳನ್ನು ತುಂಬಿದ್ದೇನೆಂದರೆ ಎಲ್ಲವನ್ನೂ ಹಿಡಿಯಲು ತಮಗೆ ಇನ್ನೂ ಇಪ್ಪತ್ತು ವರ್ಷವಾದರೂ ಬೇಕು. ಕನ್ನಡಕ ಒರೆಸಿಕೊಂಡು ಕೂತಿರಿ.